ಉರುಮೆ ಸದ್ದಿಗೆ ಪುಟ್ಟ ಯಾಕೆ ಅಳುತ್ತಾನೆ?

ನನ್ನಿವಾಳದ ಮಕ್ಕಳೇ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು ನೋಡಿದ್ದೀರಲ್ಲ? ಉರುಮೆ, ತಮಟೆಗಳ ಸದ್ದು, ಸುಡುವ ಕೊಬ್ಬರಿಯ ಹೊಗೆ, ಮೈಗೆ ಮೈ ತಾಗುವಷ್ಟು ಜನ. ನಿಮಗೆ ಕುಣಿಯುವ ಹುರುಪು. ಆದರೆ ಮನೆಯ ಪುಟ್ಟ ತಮ್ಮನೋ ತಂಗಿಯೋ ಕಿವಿ ಮುಚ್ಚಿಕೊಂಡು, ನೆಲಕ್ಕೆ ಬಿದ್ದು ಹೊರಳಾಡಿ ಅಳಬಹುದು. ಕೆಲವರು ಹಠ ಅನ್ನುತ್ತಾರೆ, ಕೆಲವರು ದೃಷ್ಟಿಯಾಗಿದೆ ಅನ್ನುತ್ತಾರೆ. ಎರಡೂ ಅಲ್ಲದಿರಬಹುದು.

ಉರುಮೆಯ ಸದ್ದು ಗಾಳಿಯಲ್ಲಿ ಅಲೆಯಾಗಿ ಬಂದು ಕಿವಿತಮಟೆಯನ್ನು ನಡುಗಿಸುತ್ತದೆ. ಒಳಕಿವಿಯಲ್ಲಿರುವ ಸುಮಾರು 15,000 ಕೂದಲು ಕೋಶಗಳು ಆ ನಡುಕವನ್ನು ವಿದ್ಯುತ್ ಸಂಕೇತವಾಗಿಸಿ ಮಿದುಳಿಗೆ ಕಳಿಸುತ್ತವೆ. ಅದೇ ಹೊತ್ತಿಗೆ ಮೂಗು, ಕಣ್ಣು, ಚರ್ಮಗಳೂ ಸುದ್ದಿ ಮುಟ್ಟಿಸುತ್ತಿರುತ್ತವೆ. ಮಿದುಳು ಶೇಂಗಾ ಜರಡಿಯಂತೆ ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಉಳಿಸಿಕೊಳ್ಳುತ್ತದೆ. ಕೆಲವು ಮಕ್ಕಳಲ್ಲಿ ಎಲ್ಲವೂ ಒಟ್ಟಿಗೆ, ಜೋರಾಗಿ ನುಗ್ಗುತ್ತದೆ.

ಆಗ ಮಿದುಳಿನೊಳಗಿನ ಅಮಿಗ್ಡಲ ಎಂಬ ಪುಟ್ಟ ಭಾಗ ಅಪಾಯವೆಂದು ಎಚ್ಚರಿಸುತ್ತದೆ. ಮೂತ್ರಪಿಂಡದ ಮೇಲಿನ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ಏರುತ್ತದೆ. ಇದನ್ನು ಹತೋಟಿಗೆ ತರಬೇಕಾದ ಹಣೆಯ ಹಿಂದಿನ ಮಿದುಳು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಮೂರು ವರ್ಷದ ಕೂಸಿಗೆ ‘ಸುಮ್ಮನಿರು’ ಎಂದು ಗದರಿದರೆ ಹೇಗೆ ಸುಮ್ಮನಾದೀತು?

ಸದ್ದಷ್ಟೇ ಅಲ್ಲ, ಸ್ಪರ್ಶವೂ ಹೀಗೆಯೇ. ನಮ್ಮ ಚಳ್ಳಕೆರೆ ಸೀಮೆಯ ಕಂಬಳಿಯನ್ನೇ ನೋಡಿ. ಅದರ ಒರಟು ಉಣ್ಣೆ ತಾಗಿದರೆ ಒಂದು ಮಗು ಚೀರುತ್ತದೆ. ಇನ್ನೊಂದು ಮಗು ಅದನ್ನೇ ಬಿಗಿಯಾಗಿ ಸುತ್ತಿಕೊಂಡು ಹಾಯಾಗಿ ಕೂರುತ್ತದೆ. ಸ್ನಾಯು, ಕೀಲುಗಳ ಮೇಲೆ ಬೀಳುವ ಹದವಾದ ಒತ್ತಡ ಕೆಲವರನ್ನು ಸಮಾಧಾನಪಡಿಸುತ್ತದೆ. ಅದಕ್ಕೇ ಬಿಗಿಯಾಗಿ ಅಪ್ಪಿಕೊಂಡರೆ ಕೆಲವು ಮಕ್ಕಳ ಅಳು ಇಳಿಯುತ್ತದೆ. ಅಪ್ಪುಗೆ ಬೇಡವೆನ್ನುವ ಮಗುವೂ ಇದೆ. ಹಾಗಾಗಿ ಮೊದಲು ಮಗುವನ್ನೇ ಕೇಳಿ.

ಪುಟ್ಟ ಅತ್ತಾಗ ನಗಬೇಡಿ, ಸುತ್ತ ಗುಂಪುಗೂಡಬೇಡಿ. ಅಮ್ಮನನ್ನೋ ಅಜ್ಜಿಯನ್ನೋ ಕರೆದು, ಸದ್ದಿಲ್ಲದ ನೆರಳಿಗೆ ಕರೆದೊಯ್ಯಿರಿ. ಮಾತು ಕಡಿಮೆ ಮಾಡಿ, ಪಕ್ಕದಲ್ಲಿ ಕೂತು ನೀವೇ ನಿಧಾನ ಉಸಿರಾಡಿ. ಮುಂದಿನ ಸಲ ಜಾತ್ರೆಗೆ ಹೊರಡುವ ಮೊದಲೇ ‘ಅಲ್ಲಿ ಉರುಮೆ ಬಡೀತಾರೆ, ಬೇಡ ಅನ್ನಿಸಿದರೆ ನನ್ನ ಕೈ ಹಿಡ್ಕೊ’ ಎಂದು ಹೇಳಿಡಿ.

ಊಟ, ನಿದ್ದೆ, ಆಟಕ್ಕೂ ಇಂಥ ತೊಂದರೆ ಅಡ್ಡಿಯಾದರೆ ಮನೆಯವರು ಅಂಗನವಾಡಿ ಟೀಚರಿಗೋ ಆಶಾ ಅಕ್ಕನಿಗೋ ತಿಳಿಸಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕು, ಅವರಿಗೂ ಹೇಳಬಹುದು. ಅಳುವ ಮಗುವಿಗೆ ಬೇಕಿರುವುದು ಬೈಗುಳವಲ್ಲ, ಸಹಾಯ. ಆ ಸಹಾಯ ನಿಮ್ಮಿಂದಲೇ ಶುರುವಾಗಲಿ.