ತಳ ಹಿಡಿದ ಅನ್ನ

ವಿದ್ಯಾರ್ಥಿಗಳೇ, ಗೌರಿಬಿದನೂರು ತಾಲ್ಲೂಕಿನ ಅಲೀಪುರವನ್ನು ನೀವು ಬಲ್ಲಿರಿ. ಹರಳಿಗೆ ಸಾಣೆ ಹಿಡಿಯುವ ಊರು. ಅಲ್ಲಿಂದ ಇರಾನಿಗೆ ಓದಲು ಹೋಗುವ ರೂಢಿ ಹಳೆಯದು. ಹಾಗೆ ಹೋಗಿ ಬಂದ ತರುಣನೊಬ್ಬ ನನಗೆ ಹೇಳಿದ ಸಂಗತಿಯಿದು.

ಕೋಮ್ ನಗರದ ಹಾಸ್ಟೆಲಿನಲ್ಲಿ ಅವನ ಮೊದಲ ಹುಟ್ಟುಹಬ್ಬ. ಮನೆಯಿಂದ ಕಟ್ಟಿಕೊಟ್ಟಿದ್ದ ರಾಗಿಹಿಟ್ಟು ಎಂದೋ ಮುಗಿದಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಇರಾನಿ ಗೆಳೆಯರು ಅವನ ತಟ್ಟೆಗೆ ತಳ ಹಿಡಿದ ಅನ್ನದ ಚಕ್ಕೆಯನ್ನು ಬಡಿಸಿದರು. ‘ಈ ದಿನವೂ ನನಗೆ ಸೀದದ್ದೇ ಗತಿಯೆ?’ ಎಂದು ಅವನ ಕಣ್ಣು ತುಂಬಿತು. ಗೆಳೆಯರಿಗೆ ಗಾಬರಿ!

ಅದು ‘ತಹದೀಗ್’. ಪಾರ್ಸಿ ಭಾಷೆಯಲ್ಲಿ ಪಾತ್ರೆಯ ತಳವೆಂದೇ ಅರ್ಥ. ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ, ಬೇಕೆಂದೇ ಹೊಂಬಣ್ಣಕ್ಕೆ ತರುತ್ತಾರೆ. ಆದರದಿಂದ ಅತಿಥಿಗೆ ಬಡಿಸುತ್ತಾರೆ. ಕಾವಿನಲ್ಲಿ ಅಮೈನೊ ಆಮ್ಲಗಳೂ ಸಕ್ಕರೆಗಳೂ ಕೂಡಿ ಈ ಬಣ್ಣ, ಈ ಘಮ ಹುಟ್ಟುತ್ತವೆ. ಇದನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಮೈಯಾರ್. ನಮ್ಮ ದೋಸೆ ಕೆಂಪಗಾಗುವುದೂ ಹೀಗೆಯೇ. (ನಾವಾದರೋ ಸೀಕನ್ನು ಕೆರೆದು ಎಸೆಯುವವರು!)

ಫೋನಿನಲ್ಲಿ ತಾಯಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಅವನಿಗೆ ಸಾಕುಸಾಕಾಯಿತಂತೆ. ಮಾರ್ಚ್ 20ರ ಸುಮಾರಿಗೆ ಬರುವ ನೌರೋಜ್ ಹಬ್ಬದಲ್ಲಿ, ಪಾತ್ರೆಯನ್ನು ತಟ್ಟೆಯ ಮೇಲೆ ಬೋರಲು ಹಾಕಿ, ಚಕ್ಕೆ ಮುರಿಯದಂತೆ ಬಿಡಿಸಿದವನು ಅವನೇ.