ಕಟ್ಟಿಕೊಟ್ಟ ಬುತ್ತಿ

(ಪೂರ್ವ ತಿಮೋರಿನ ರಾಜ್ಯರಚನೆಯನ್ನು ಕುರಿತು ವಾಚನಾಲಯವೊಂದರಲ್ಲಿ ಮಾಡಿದ ಭಾಷಣ)



ಯುದ್ಧವು ಮುಗಿಯಿತೆಂಬ ಸುದ್ದಿಯು ಎಲ್ಲ ಪತ್ರಿಕೆಗಳಲ್ಲಿಯೂ ದಪ್ಪಕ್ಷರಗಳಿಂದ ಅಚ್ಚಾಗುತ್ತದೆ. ಆದರೆ ಅದರ ಮರುದಿನದ ಬೆಳಗಿನಲ್ಲಿ ಆ ನಾಡಿನ ಗತಿಯೇನಾಯಿತೆಂದು ಕೇಳುವವರು ವಿರಳ. ಮನೆ ಸುಟ್ಟವನು ತನ್ನ ಫಿರ್ಯಾದಿಯನ್ನು ಯಾರಲ್ಲಿಗೆ ಒಯ್ಯಬೇಕು? ಶಾಲೆಯ ಮಾಸ್ತರನಿಗೆ ಪಗಾರವನ್ನು ಯಾರು ಕೊಡಬೇಕು? ದಫ್ತರವೆಲ್ಲ ಬೂದಿಯಾಗಿರುವಲ್ಲಿ ಯಾವ ಹೊಲವು ಯಾರದೆಂದು ಯಾರು ಹೇಳಬೇಕು? ಧ್ವಜವನ್ನೇರಿಸುವುದು ಒಂದು ದಿನದ ಉತ್ಸವ. ರಾಜ್ಯಕಾರಭಾರವೆಂಬುದು ಆ ಮರುದಿನದಿಂದ ತೊಡಗಿ ದಿನದಿನವೂ ನಡೆಯಬೇಕಾದ ದುಡಿಮೆ. ಕಾರಭಾರವೇ ಅಳಿದುಹೋದ ನಾಡಿಗೆ ಪರರಾಷ್ಟ್ರಗಳು ಬಂದು ಅದನ್ನು ಕಟ್ಟಿಕೊಡಬಲ್ಲವೇ, ಕಟ್ಟಿಕೊಡಬಲ್ಲವಾದರೆ ಎಷ್ಟರ ಮಟ್ಟಿಗೆ, ಎಂಬುದೇ ಈ ಸಂಜೆಯ ವಿಷಯ. ಬರಿಯ ತತ್ತ್ವವನ್ನು ಚರ್ಚಿಸುವುದಕ್ಕಿಂತ ಒಂದು ಮೊಕದ್ದಮೆಯನ್ನು ಸಾಕ್ಷಿಪುರಾವೆಗಳೊಡನೆ ವಿಚಾರಿಸುವುದೇ ವಕೀಲನಾದ ನನಗೆ ರೂಢಿ. ಆದುದರಿಂದ ಪೂರ್ವ ತಿಮೋರ್ ಎಂಬ ಒಂದೇ ನಾಡಿನ ಕಥೆಯನ್ನು ತಮ್ಮ ಮುಂದಿಡುತ್ತೇನೆ.

ಆಸ್ಟ್ರೇಲಿಯದ ಉತ್ತರಕ್ಕೆ, ಇಂಡೊನೇಶಿಯಾದ ದ್ವೀಪಗಳ ಸಾಲಿನಲ್ಲಿ, ತಿಮೋರ್ ಎಂಬ ದ್ವೀಪವುಂಟು. ಅದರ ಪಶ್ಚಿಮಾರ್ಧವು ಡಚ್ಚರ ಕೈಯಿಂದ ಇಂಡೊನೇಶಿಯಾಕ್ಕೆ ಬಂದಿತು. ಪೂರ್ವಾರ್ಧವು ಪೋರ್ತುಗೀಜರ ವಸಾಹತಾಗಿ ಉಳಿಯಿತು. ೧೯೭೪ರಲ್ಲಿ ಪೋರ್ತುಗಾಲದ ಸರ್ವಾಧಿಕಾರವು ಕುಸಿಯಲು, ೧೯೭೫ನೆಯ ನವಂಬರ ೨೮ರಂದು ಪೂರ್ವ ತಿಮೋರಿನವರು ತಮ್ಮ ಸ್ವಾತಂತ್ರ್ಯವನ್ನು ಸಾರಿದರು. ಆ ಸ್ವಾತಂತ್ರ್ಯದ ಆಯುಷ್ಯವು ಒಂಬತ್ತು ದಿನ ಮಾತ್ರ. ದಶಂಬರ ೭ರಂದು ಇಂಡೊನೇಶಿಯಾದ ಸೈನ್ಯವು ನುಗ್ಗಿ ಬಂದಿತು; ಮುಂದಿನ ವರ್ಷ ಆ ನಾಡನ್ನು ತನ್ನ ೨೭ನೆಯ ಪ್ರಾಂತವೆಂದು ಘೋಷಿಸಿತು. ವಿಶ್ವಸಂಸ್ಥೆಯು ಇದನ್ನು ಎಂದೂ ಒಪ್ಪಲಿಲ್ಲ. ಆದರೆ ಬಲಾಢ್ಯ ರಾಷ್ಟ್ರಗಳು ತುಟಿ ಬಿಚ್ಚಲಿಲ್ಲ. ನುಗ್ಗಿದ ದಿನದ ಹಿಂದಿನ ದಿನವೇ ಅಮೇರಿಕದ ಅಧ್ಯಕ್ಷ ಫೋರ್ಡರು ಜಾಕಾರ್ತದಲ್ಲಿ ಸುಹಾರ್ತೋ ಅವರ ಅತಿಥಿಯಾಗಿದ್ದರು. ಆಸ್ಟ್ರೇಲಿಯವಂತೂ ಈ ಆಕ್ರಮಣವನ್ನು ಕಾಯಿದೆಶೀರವಾಗಿ ಮನ್ನಿಸಿ, ೧೯೮೯ರಲ್ಲಿ ತಿಮೋರ್ ಸಮುದ್ರದ ಎಣ್ಣೆಯನ್ನು ಹಂಚಿಕೊಳ್ಳಲು ಇಂಡೊನೇಶಿಯಾದೊಡನೆ ಒಪ್ಪಂದವನ್ನೂ ಮಾಡಿಕೊಂಡಿತು. ೧೯೭೪ರಿಂದ ೧೯೯೯ರವರೆಗಿನ ಕಲಹದಲ್ಲಿ ಕೊಲೆ, ಹಸಿವೆ, ರೋಗಗಳಿಂದ ಕಡಿಮೆಯೆಂದರೂ ೧,೦೨,೮೦೦ ಜನರು ಮಡಿದರೆಂದು ತಿಮೋರಿನ ಸತ್ಯಶೋಧನ ಆಯೋಗವು ಲೆಕ್ಕ ಹಾಕಿದೆ. ಮುಂದೆ ನೆರವಿಗೆ ಬಂದವರಲ್ಲಿ ಹಿಂದೆ ಕಣ್ಣು ಮುಚ್ಚಿಕೊಂಡವರೂ ಇದ್ದರೆಂಬುದನ್ನು ತಾವು ನೆನಪಿನಲ್ಲಿಡಬೇಕು.

೧೯೯೯ನೆಯ ಅಗಸ್ಟ ೩೦ರಂದು ವಿಶ್ವಸಂಸ್ಥೆಯು ಅಲ್ಲಿ ಜನಮತವನ್ನೆತ್ತಿತು. ಬೆದರಿಕೆಗಳನ್ನು ಲಕ್ಷಿಸದೆ, ಹೆಸರು ನೋಂದಿಸಿದವರಲ್ಲಿ ನೂರಕ್ಕೆ ೯೮ಕ್ಕೂ ಮೀರಿ ಜನರು ಬಂದು ಮತವಿತ್ತರು. ಅವರಲ್ಲಿ ನೂರಕ್ಕೆ ೭೮.೫ರಷ್ಟು ಜನರು ಇಂಡೊನೇಶಿಯಾದ ಕೆಳಗಿನ ಸ್ವಾಯತ್ತತೆಯನ್ನು ತಿರಸ್ಕರಿಸಿದರು. ಫಲವು ಪ್ರಕಟವಾದುದೇ ತಡ, ಇಂಡೊನೇಶಿಯಾದ ಸೈನ್ಯದ ಬೆಂಬಲವಿದ್ದ ಪುಂಡರ ಪಡೆಗಳು ಊರೂರಿಗೆ ಬೆಂಕಿಯಿಟ್ಟವು. ಸಾವಿರಕ್ಕೂ ಮಿಕ್ಕಿ ಜನರು ಹತರಾದರು. ಎರಡೂವರೆ ಲಕ್ಷದಷ್ಟು ಜನರನ್ನು ಗಡಿಯಾಚೆಗೆ ಅಟ್ಟಲಾಯಿತು. ಕಟ್ಟಡಗಳಲ್ಲಿ ಬಹುಪಾಲು ನೆಲಸಮವಾದವು. ಮೇಲಿನ ಅಧಿಕಾರಿಗಳಲ್ಲಿ ಬಹುಪಾಲು ಜನರು ಇಂಡೊನೇಶಿಯಾದವರೇ ಆಗಿದ್ದುದರಿಂದ, ಅವರು ಹಡಗು ಹತ್ತಿದ ಕೂಡಲೆ ಸರಕಾರವೆಂಬುದೇ ಮಾಯವಾಯಿತು.

ಸಪ್ಟಂಬರ ೨೦ರಂದು ಆಸ್ಟ್ರೇಲಿಯದ ಮುಂದಾಳುತನದಲ್ಲಿ ಬಹುರಾಷ್ಟ್ರಗಳ ಪಡೆಯು ಬಂದಿಳಿದು ಶಾಂತಿಯನ್ನು ನೆಲೆಗೊಳಿಸಿತು. ಅಕ್ಟೋಬರ ೨೫ರಂದು ಭದ್ರತಾ ಮಂಡಲಿಯು ತನ್ನ ೧೨೭೨ನೆಯ ಠರಾವಿನಿಂದ ಅಲ್ಲಿ ಹಂಗಾಮಿ ಆಡಳಿತವೊಂದನ್ನು ಸ್ಥಾಪಿಸಿತು. ೮,೯೫೦ರವರೆಗೆ ಸೈನಿಕರನ್ನೂ ೧,೬೪೦ರವರೆಗೆ ಪೋಲೀಸರನ್ನೂ ಇಡಲು ಅನುಮತಿ ದೊರೆಯಿತು. ಬ್ರಾಝೀಲದ ಸೆರ್ಜಿಯೋ ವಿಯೆರಾ ದ ಮೆಲ್ಲೊ ಎಂಬ ಸಮರ್ಥರು ಆಡಳಿತಾಧಿಕಾರಿಯಾದರು. ಕಾಯಿದೆ ಮಾಡುವ ಅಧಿಕಾರ, ಅದನ್ನು ನಡೆಸುವ ಅಧಿಕಾರ, ನ್ಯಾಯಾಸ್ಥಾನಗಳ ಆಡಳಿತ — ಈ ಮೂರೂ ಒಬ್ಬರ ಕೈಯಲ್ಲಿ ಕೂಡಿದವು. ವಿಶ್ವಸಂಸ್ಥೆಯ ಇತಿಹಾಸದಲ್ಲಿ ಇಂಥ ಸಮಗ್ರಾಧಿಕಾರವು ತೀರ ಅಪೂರ್ವ.

ಇನ್ನು ನನ್ನ ವೃತ್ತಿಗೆ ಸೇರಿದ ಸಂಗತಿಯೊಂದನ್ನು ಹೇಳುತ್ತೇನೆ. ಇಂಡೊನೇಶಿಯಾದ ಆಳಿಕೆಯಲ್ಲಿ ತಿಮೋರಿನ ಒಬ್ಬನನ್ನಾದರೂ ನ್ಯಾಯಾಧೀಶನನ್ನಾಗಿ ಮಾಡಿರಲಿಲ್ಲ. ಕೋರ್ಟಿನ ಕಟ್ಟಡಗಳು ಸುಟ್ಟಿದ್ದವು. ಕಡತಗಳೂ ಕಾಯಿದೆಯ ಪುಸ್ತಕಗಳೂ ನಾಶವಾಗಿದ್ದವು. ಕಾಯಿದೆ ಓದಿದವರು ಎಲ್ಲಿರುವರೆಂಬುದೇ ತಿಳಿಯದು. ಕಡೆಗೆ ವಿಮಾನಗಳಿಂದ ಕರಪತ್ರಗಳನ್ನು ಉದುರಿಸಿ, “ಕಾಯಿದೆ ಕಲಿತವರು ಬಂದು ಕಾಣಿರಿ” ಎಂದು ಸಾರಬೇಕಾಯಿತು! ಒಂದು ವಾರದೊಳಗೆ ಹದಿನೇಳು ಜನರೂ ಎರಡು ತಿಂಗಳಲ್ಲಿ ಅರುವತ್ತಕ್ಕೆ ಮಿಕ್ಕಿ ಜನರೂ ಮುಂದೆ ಬಂದರು. ೨೦೦೦ನೆಯ ಜನವರಿ ೭ರಂದು ಎಂಟು ನ್ಯಾಯಾಧೀಶರೂ ಇಬ್ಬರು ಸರಕಾರಿ ವಕೀಲರೂ ಪ್ರಮಾಣವಚನ ಸ್ವೀಕರಿಸಿದರು. ಒಂದು ಜನಾಂಗವು ತನ್ನವರ ಬಾಯಿಂದ ತನ್ನ ನ್ಯಾಯವನ್ನು ಕೇಳಲಿದ್ದುದು ಅದೇ ಮೊದಲು. ಹೊರಗಿನವರ ನೆರವಿಲ್ಲದೆ ಆ ದಿನವು ಅಷ್ಟು ಬೇಗ ಬರುತ್ತಿರಲಿಲ್ಲ. ಆದುದರಿಂದ “ಪರರ ನೆರವೇ ಬೇಡ, ಪ್ರತಿಯೊಂದು ನಾಡೂ ತನ್ನ ಗಾಯವನ್ನು ತಾನೇ ನೆಕ್ಕಿಕೊಳ್ಳಲಿ” ಎನ್ನುವವರ ವಾದವು ನಿಲ್ಲಲಾರದು.

ಆದರೆ ಮೊಕದ್ದಮೆಯ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಜನರ ಮತದಿಂದ ಬಿಡುಗಡೆ ಪಡೆದ ನಾಡಿನಲ್ಲಿ ಜನರಿಗೆ ಉತ್ತರವಾದಿಯಲ್ಲದ ಸರಕಾರವು ಕುಳಿತಿತು. ೧೯೯೯ರ ದಶಂಬರದಲ್ಲಿ ರಚಿತವಾದ ಸಮಾಲೋಚನ ಸಭೆಯಲ್ಲಿ ೧೫ ಸದಸ್ಯರಲ್ಲಿ ೧೧ ಜನರು ತಿಮೋರಿನವರೇ ಆಗಿದ್ದರೂ, ಅವರ ಕೆಲಸವು ಸಲಹೆ ಕೊಡುವುದು, ಸಹಿಯು ಒಬ್ಬರದೇ. ಡಿಲಿ ಪಟ್ಟಣದಲ್ಲಿ ಜನರು ಸೂರಿಲ್ಲದೆ ಇರುವಾಗ, ಅದೇ ಬಂದರದಲ್ಲಿ ತೇಲುವ ಹೋಟೆಲೊಂದರಲ್ಲಿ ಪರದೇಶದ ನೌಕರರು ಇಳಿದುಕೊಂಡಿದ್ದರು. ಅವರ ಪಗಾರವೆಲ್ಲಿ, ಅವರ ಕೈಕೆಳಗೆ ದುಡಿಯುವ ತಿಮೋರಿನವನ ಪಗಾರವೆಲ್ಲಿ! ಜಿಲ್ಲಾಡಳಿತದ ಮುಖ್ಯಸ್ಥರಾಗಿದ್ದ ಜರತ್ ಚೋಪ್ರಾ ಎಂಬವರು ೨೦೦೦ದಲ್ಲಿ ರಾಜೀನಾಮೆಯಿತ್ತು ಹೊರಬಂದು, ಈ ವ್ಯವಸ್ಥೆಯನ್ನು ವಿಶ್ವಸಂಸ್ಥೆಯ ರಾಜ್ಯಭಾರವೆಂದೇ ಟೀಕಿಸಿ ಬರೆದರು. ದ ಮೆಲ್ಲೊ ಅವರು ವಿವೇಕಿಗಳು. ಅದೇ ವರ್ಷದಲ್ಲಿ ತಿಮೋರಿನವರನ್ನು ಮಂತ್ರಿಮಂಡಲದಲ್ಲಿ ಸೇರಿಸಿಕೊಂಡರು. ೨೦೦೧ನೆಯ ಅಗಸ್ಟ ೩೦ರಂದು ೮೮ ಸದಸ್ಯರ ಸಂವಿಧಾನ ಸಭೆಯ ಚುನಾವಣೆಯಾಯಿತು; ೨೦೦೨ನೆಯ ಮೇ ೨೦ರಂದು ನಾಡು ಸ್ವತಂತ್ರವಾಯಿತು.

ಎರಡನೆಯ ತೊಡಕು ಭಾಷೆಯದು. ಜನರ ಮನೆಮಾತುಗಳು ಹಲವು. ಬಹುಜನರು ಒಬ್ಬರೊಡನೊಬ್ಬರು ಆಡುವ ನುಡಿ ತೆತುಂ. ನ್ಯಾಯಾಧೀಶರು ಕಲಿತದ್ದು ಇಂಡೊನೇಶಿಯಾದ ಭಾಷೆಯಲ್ಲಿ. ಆಡಳಿತ ನಡೆಸಿದ ವಿಶ್ವಸಂಸ್ಥೆಯ ಭಾಷೆ ಇಂಗ್ಲಿಷ್. ಸಂವಿಧಾನವು ತೆತುಂ ಮತ್ತು ಪೋರ್ತುಗೀಜ ಭಾಷೆಗಳನ್ನು ರಾಜಭಾಷೆಗಳೆಂದು ಗೊತ್ತುಪಡಿಸಿ, ಉಳಿದೆರಡನ್ನು ಕೆಲಸದ ಭಾಷೆಗಳೆಂದಿತು. ಪರಿಣಾಮವೇನೆಂದರೆ, ಹೊಲ ಕಳಕೊಂಡ ಒಕ್ಕಲಿಗನ ಮಾತು ದುಭಾಷಿಯ ಬಾಯಿಂದ ಬಾಯಿಗೆ ಹಾಯ್ದು ನ್ಯಾಯಾಧೀಶರ ಕಿವಿಯನ್ನು ಮುಟ್ಟಬೇಕು. ತೀರ್ಪು ಮತ್ತೆ ಅದೇ ಹಾದಿಯಲ್ಲಿ ಮರಳಬೇಕು. ಮುಂದೆ ಪೋರ್ತುಗೀಜ ಭಾಷೆಯೇ ನ್ಯಾಯಾಸ್ಥಾನಗಳಲ್ಲಿ ಮೇಲುಗೈಯಾಯಿತು. ೨೦೦೫ರ ಆರಂಭದಲ್ಲಿ ಪರೀಕ್ಷೆಯೊಂದರ ಫಲವು ಪ್ರಕಟವಾದಾಗ, ಆ ನಾಡಿನ ಹಂಗಾಮಿ ನ್ಯಾಯಾಧೀಶರೆಲ್ಲರೂ ಅನುತ್ತೀರ್ಣರಾಗಿದ್ದರು! ಪೀಠಗಳಲ್ಲಿ ಪರದೇಶದವರು ಕುಳಿತರು. ಅವರು ಮತ್ತೆ ಪಾಠಶಾಲೆಗೆ ಹೋದರು.

ಈ ಮಾತಿನ ತೂಕವು ಕನ್ನಡಿಗರಿಗೆ ಬೇಗನೆ ತಿಳಿಯಬೇಕು. ನಿಜಾಮರ ಆಳಿಕೆಯಲ್ಲಿ ಕಲಬುರ್ಗಿ, ರಾಯಚೂರು, ಬೀದರ ಸೀಮೆಗಳ ಕಚೇರಿಗಳಲ್ಲಿ ಉರ್ದುವೇ ನಡೆಯುತ್ತಿತ್ತು. ತನ್ನ ವ್ಯಾಜ್ಯದಲ್ಲಿ ಏನು ಬರೆದರೆಂಬುದು ಕನ್ನಡದ ಒಕ್ಕಲಿಗನಿಗೆ ತಿಳಿಯುತ್ತಿರಲಿಲ್ಲ. ತಿಳಿಯದ ಮಾತಿನಲ್ಲಿ ಬಂದ ನ್ಯಾಯವು ನ್ಯಾಯವೇ ಆಗಿದ್ದರೂ, ಅದನ್ನು ಪಡೆದವನಿಗೆ ಅದು ದೈವಯೋಗದಂತೆ ತೋರುತ್ತದೆ. ತನ್ನ ಹಕ್ಕೆಂದು ಅವನು ಅದನ್ನು ಬಗೆಯಲಾರ.

ಮೂರನೆಯ ತೊಡಕು ಅವಸರದ್ದು. ಪೋಲೀಸರ ತರಬೇತಿಯು ಕೆಲವೇ ತಿಂಗಳುಗಳಲ್ಲಿ ಮುಗಿಯಿತು. ಸೈನ್ಯವನ್ನು ಹಳೆಯ ಗೆರಿಲ್ಲಾ ಯೋಧರಿಂದ ಕಟ್ಟಿದರು. ಪೋಲೀಸ ದಳದಲ್ಲಿ ಇಂಡೊನೇಶಿಯಾದ ಕೈಕೆಳಗೆ ದುಡಿದವರೂ ಸೇರಿದರು. ಎರಡರ ನಡುವಣ ಅಸೂಯೆಯನ್ನು ಯಾರೂ ಲಕ್ಷಿಸಲಿಲ್ಲ. ವಿಶ್ವಸಂಸ್ಥೆಯ ಶಾಂತಿಪಡೆಯು ೨೦೦೫ರ ಮೇ ತಿಂಗಳಲ್ಲಿ ಹಿಂತೆಗೆಯಿತು. ೨೦೦೬ರ ಮಾರ್ಚಿನಲ್ಲಿ, ಪಕ್ಷಪಾತದ ದೂರನ್ನೆತ್ತಿದ ಸುಮಾರು ೬೦೦ ಸೈನಿಕರನ್ನು ಸರಕಾರವು ವಜಾ ಮಾಡಿತು. ಮೂರು ತಿಂಗಳೊಳಗೆ ಸೈನಿಕರೂ ಪೋಲೀಸರೂ ಪರಸ್ಪರ ಗುಂಡು ಹಾರಿಸುವಂತಾಯಿತು. ಮೇ ೨೫ರಂದು ಶಸ್ತ್ರವನ್ನು ಕೆಳಗಿಟ್ಟು ವಿಶ್ವಸಂಸ್ಥೆಯ ಅಧಿಕಾರಿಗಳ ಬೆಂಗಾವಲಿನಲ್ಲಿ ನಡೆದುಹೋಗುತ್ತಿದ್ದ ಪೋಲೀಸರ ಮೇಲೆಯೇ ಸೈನಿಕರು ಗುಂಡಿಟ್ಟರು. ಎಂಟು ಜನರು ಸತ್ತರು. ಒಂದೂವರೆ ಲಕ್ಷದಷ್ಟು ಜನರು ಮನೆಮಠ ಬಿಟ್ಟು ಓಡಿದರು. ಪರದೇಶದ ಪಡೆಗಳು ಮತ್ತೆ ಬರಬೇಕಾಯಿತು. ವಿಶ್ವಸಂಸ್ಥೆಯು ೨೦೧೨ರ ಕೊನೆಯವರೆಗೆ ಅಲ್ಲಿ ನಿಲ್ಲಬೇಕಾಯಿತು.

ಕಟ್ಟಿಕೊಟ್ಟ ಬುತ್ತಿಯೂ ಹೇಳಿಕೊಟ್ಟ ಮಾತೂ ಎಷ್ಟು ದಿನ ಬಂದೀತು ಎಂಬ ನಮ್ಮ ಹಿರಿಯರ ಗಾದೆಯು ಇಲ್ಲಿ ಅಕ್ಷರಶಃ ಸಿದ್ಧವಾಯಿತು. ಆದರೆ ಬುತ್ತಿಯನ್ನು ಸಿಟ್ಟಿನಿಂದ ಬಿಸಾಡಿದರೂ ಹೊಟ್ಟೆ ತುಂಬದು. ೨೦೧೪ರಲ್ಲಿ ತಿಮೋರಿನ ಸರಕಾರವು, ನ್ಯಾಯಾಸ್ಥಾನಗಳಲ್ಲಿದ್ದ ಪರದೇಶದ ನ್ಯಾಯಾಧೀಶರನ್ನೂ ಸರಕಾರಿ ವಕೀಲರನ್ನೂ ಒಮ್ಮೆಲೆ ಕೆಲಸದಿಂದ ತೆಗೆದು ನಾಡಿನಿಂದ ಹೊರಡಿಸಿತು. ಸ್ವಾಭಿಮಾನದ ಕೂಗು ಇಲ್ಲಿ ಕೇಳುತ್ತದೆ, ನಿಜ. ಆದರೆ ನಡೆಯುತ್ತಿದ್ದ ಮೊಕದ್ದಮೆಗಳು ಅರ್ಧಕ್ಕೆ ನಿಂತವು. ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಪೆಟ್ಟು ಬಿದ್ದಿತು. ಪರದೇಶದ ನ್ಯಾಯಾಧೀಶನನ್ನು ಕಳುಹಿಸುವ ಹಕ್ಕು ಸ್ವತಂತ್ರ ನಾಡಿಗೆ ಉಂಟು. ಕಳುಹಿಸುವ ರೀತಿಯೂ ಸ್ವತಂತ್ರ ನಾಡಿಗೆ ಒಪ್ಪುವಂತಿರಬೇಕು.

ನೆರವಿಗೆ ಇನ್ನೊಂದು ಮಿತಿಯೂ ಉಂಟು. ೧೯೯೯ರ ಘೋರ ಅಪರಾಧಗಳ ವಿಚಾರಣೆಗಾಗಿ, ಇಬ್ಬರು ಪರದೇಶದವರೂ ಒಬ್ಬರು ತಿಮೋರಿನವರೂ ಕೂಡಿದ ವಿಶೇಷ ಪೀಠಗಳನ್ನು ರಚಿಸಿದರು. ಸುಮಾರು ೪೦೦ ಜನರ ಮೇಲೆ ಆರೋಪಗಳಾದವು. ಶಿಕ್ಷೆಯಾದುದು ೮೪ ಜನರಿಗೆ. ಆರೋಪಿಗಳಲ್ಲಿ ಬಹುಜನರು ಇಂಡೊನೇಶಿಯಾದಲ್ಲಿ ಉಳಿದರು. ಅವರನ್ನು ಒಪ್ಪಿಸಿರೆಂದು ಆ ದೊಡ್ಡ ರಾಷ್ಟ್ರವನ್ನು ಒತ್ತಾಯಿಸುವ ಮನಸ್ಸು ಯಾರಿಗೂ ಇರಲಿಲ್ಲ. ಅಪ್ಪಣೆ ಪಾಲಿಸಿದ ಹಳ್ಳಿಗನು ಸೆರೆಮನೆಗೆ ಹೋದನು. ಅಪ್ಪಣೆ ಕೊಟ್ಟವರು ಮನೆಯಲ್ಲಿ ಉಳಿದರು. ನೆರವು ನೀಡುವವರ ಧೈರ್ಯವು ಅವರ ಹಿತಸಂಬಂಧವು ಮುಗಿಯುವಲ್ಲಿ ಮುಗಿಯುತ್ತದೆ.

ಹೀಗಿದ್ದರೂ ಆ ನಾಡು ನಿಂತಿತು, ಏತರಿಂದ ನಿಂತಿತು? ಹಳ್ಳಿಗಳಲ್ಲಿ ತಾರಾ ಬಂದು ಎಂಬ ಹಳೆಯ ಕಟ್ಟಳೆಯುಂಟು. ಊರವರು ಕೂಡಿ ಕಾಡು, ನೀರು, ಬೆಳೆಗಳ ಬಗೆಗೆ ನಿಷೇಧಗಳನ್ನು ಗೊತ್ತುಪಡಿಸಿ, ವಿಧಿಪೂರ್ವಕವಾಗಿ ಸಾರಿ, ಮೀರಿದವನಿಗೆ ದಂಡ ಹಾಕುತ್ತಾರೆ. ಸರಕಾರದ ಕಟ್ಟಡಗಳು ಸುಟ್ಟರೂ ಇಂಥ ನಡೆವಳಿಕೆಯು ಜನರ ನೆನಪಿನಲ್ಲಿ ಸುಡದೆ ಉಳಿದಿತ್ತು. ಮುಂದೆ ಮತ್ತೆ ಚಿಗುರಿತು. ೨೦೦೫ರಲ್ಲಿ ಎಣ್ಣೆಯ ಹಣಕ್ಕಾಗಿ ಕಾಯಿದೆಯಿಂದ ನಿಧಿಯೊಂದನ್ನು ಸ್ಥಾಪಿಸಿದರು. ಸಲಹೆಯು ಹೊರಗಿನಿಂದ ಬಂದರೂ ನಿರ್ಧಾರವು ಅವರ ಶಾಸನಸಭೆಯದಾಗಿತ್ತು. ಸಮುದ್ರದ ಗಡಿಗಾಗಿ ಆಸ್ಟ್ರೇಲಿಯವನ್ನು ಅಂತರರಾಷ್ಟ್ರೀಯ ಸಂಧಾನ ಮಂಡಲಿಯ ಮುಂದೆ ಎಳೆದು ತಂದು, ೨೦೧೮ನೆಯ ಮಾರ್ಚ ೬ರಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ವಿಶ್ವಸಂಸ್ಥೆಯು ಹೊರಟ ಮೇಲೆ ಚುನಾವಣೆಗಳನ್ನು ತಾವೇ ನಡೆಸಿದರು. ಸೋತವರು ಕುರ್ಚಿಯನ್ನು ಬಿಟ್ಟುಕೊಟ್ಟರು. ೨೦೨೫ರ ಅಕ್ಟೋಬರದಲ್ಲಿ ಆಗ್ನೇಯ ಏಶಿಯದ ರಾಷ್ಟ್ರಕೂಟದಲ್ಲಿ ಹನ್ನೊಂದನೆಯ ಸದಸ್ಯನಾಗಿ, ಒಂದು ಕಾಲಕ್ಕೆ ತನ್ನನ್ನು ನುಂಗಿದ್ದ ಇಂಡೊನೇಶಿಯಾದ ಪಕ್ಕದಲ್ಲಿಯೇ ಸರಿಸಮನಾಗಿ ಕುಳಿತಿತು. ಬಡತನವು ಇನ್ನೂ ಅಲ್ಲಿ ಹೋಗಿಲ್ಲ. ಎಣ್ಣೆಯ ಹಣವು ಶಾಶ್ವತವೂ ಅಲ್ಲ. ಆದರೂ ಆ ಕಷ್ಟಗಳಿಗೆ ಉತ್ತರ ಹೇಳಬೇಕಾದವರು ಈಗ ಅವರೇ ಆರಿಸಿದವರು.

ಮಹಾಶಯರೇ, ಕಮಾನನ್ನು ಕಟ್ಟುವ ಗವಂಡಿಯು ಮೊದಲು ಕೆಳಗೆ ಮರದ ಆಧಾರವನ್ನು ನಿಲ್ಲಿಸುತ್ತಾನೆ. ನಡುವಣ ಕಲ್ಲು ಕೂಡ್ರುವ ಮೊದಲೇ ಅದನ್ನು ತೆಗೆದರೆ ಕಮಾನು ಕುಸಿಯುತ್ತದೆ. ಕೂತ ಮೇಲೂ ತೆಗೆಯದಿದ್ದರೆ ಬಾಗಿಲಲ್ಲಿ ಯಾರೂ ಹಾಯುವಂತಿಲ್ಲ. ಪರರಾಷ್ಟ್ರಗಳ ನೆರವು ಆ ಮರದ ಆಧಾರದಂತೆ. ಅದು ಅವಶ್ಯ, ಆದರೆ ಕಲ್ಲುಗಳು ಆ ನಾಡಿನವೇ ಆಗಬೇಕು. ಆದುದರಿಂದ ಯಾವ ನಾಡಿಗೆ ನೆರವು ಹೋದರೂ ಮೂರು ಪ್ರಶ್ನೆಗಳನ್ನು ಕೇಳಬೇಕು. ಅಪ್ಪಣೆಯ ಮೇಲಿನ ಸಹಿಯು ಎಂದಿನಿಂದ ಆ ನಾಡಿನವರದಾಗುವುದು? ಕೋರ್ಟಿನ ತೀರ್ಪು ಪಕ್ಷಕಾರನಿಗೆ ತಿಳಿಯುವ ಮಾತಿನಲ್ಲಿ ಇರುವುದೇ? ಬಂದವರು ಹೊರಡುವ ದಿನವನ್ನು ತಮ್ಮ ಬೊಕ್ಕಸವನ್ನು ನೋಡಿ ಗೊತ್ತುಮಾಡಿದರೋ, ಆ ನಾಡಿನ ಸಿದ್ಧತೆಯನ್ನು ನೋಡಿಯೋ? ಈ ಮೂರಕ್ಕೆ ತೃಪ್ತಿಕರವಾದ ಉತ್ತರವಿಲ್ಲದಿರುವಲ್ಲಿ, ಎಷ್ಟು ಹಣ ಸುರಿದರೂ ಕಟ್ಟಿದ ಸರಕಾರವು ಎರವಿನ ಮನೆಯಾಗಿಯೇ ಉಳಿಯುವುದು.

ಇಲ್ಲಿ ಕೂಡಿದ ಶಿಕ್ಷಕರು ನಾಳೆ ತಮ್ಮ ಮಕ್ಕಳಿಗೆ ಭೂಪಟದಲ್ಲಿ ತಿಮೋರನ್ನು ತೋರಿಸುವಾಗ, ಅದು ಸ್ವತಂತ್ರವಾದ ಇಸವಿಯೊಂದನ್ನೇ ಹೇಳಿ ಮುಗಿಸದಿರಲಿ. ವಿಮಾನದಿಂದ ಉದುರಿದ ಆ ಕರಪತ್ರಗಳ ಮಾತನ್ನೂ ಹೇಳಲಿ. ಕರಪತ್ರವನ್ನು ಅಚ್ಚು ಹಾಕಿಸಿ ಉದುರಿಸಿದವರು ಹೊರಗಿನವರು. ಅದನ್ನು ಓದಿ, ಸುಟ್ಟ ಊರಿನಿಂದ ನಡೆದು ಬಂದು, “ನಾನಿದ್ದೇನೆ” ಎಂದವರು ಆ ನಾಡಿನ ಮಕ್ಕಳು.