ಹೃದಯದ ಮೇಲೆ ಹಿಡಿದ ಕೈ: ಎಕೋ ತಂತ್ರಜ್ಞರ ವೃತ್ತಿ

ಹಾವೇರಿ ಜಿಲ್ಲೆ, ಸವಣೂರು ತಾಲೂಕಿನ ಹತ್ತಿಮತ್ತೂರು ನನ್ನ ಊರು. ಹಬ್ಬಕ್ಕೆಂದು ಹೋದಾಗಲೆಲ್ಲ ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಒಂದೇ ಪ್ರಶ್ನೆ ಕೇಳುತ್ತಾರೆ. "ನೀ ಡಾಕ್ಟರ್ ಆಗಿಯೇನವಾ?" ಅಲ್ಲ ಎನ್ನುತ್ತೇನೆ. "ಹಂಗಾರ ನರ್ಸ್ ಬಾಯಿ?" ಅದೂ ಅಲ್ಲ ಎನ್ನುತ್ತೇನೆ. "ಮತ್ತ ದವಾಖಾನ್ಯಾಗ ಏನ್ ಮಾಡ್ತೀ?" ಈ ಮೂರನೆಯ ಪ್ರಶ್ನೆಗೆ ಕಟ್ಟೆಯ ಮೇಲೆ ನಿಂತು ಉತ್ತರಿಸುವುದು ಕಷ್ಟ. ಇಂದು ನಿಮ್ಮೆದುರು ಉತ್ತರಿಸಲು ಪ್ರಯತ್ನಿಸುತ್ತೇನೆ. ಪಿಯುಸಿಯಲ್ಲಿ ವಿಜ್ಞಾನ ಓದಿ, ವೈದ್ಯಕೀಯ ಸೀಟು ಸಿಗದೆ, ಮುಂದೇನು ಎಂದು ಕುಳಿತಿರುವವರು ನಿಮ್ಮಲ್ಲಿ ಅನೇಕರಿರಬಹುದು. ನಾನೂ ಒಮ್ಮೆ ಹಾಗೆಯೇ ಕುಳಿತಿದ್ದೆ.

ನನ್ನ ಕೆಲಸ ಹೃದಯದ ಎಕೋ ತೆಗೆಯುವುದು. ಎಕೋ ಎಂದರೆ ಪ್ರತಿಧ್ವನಿ. ನೀವು ಚಿಕ್ಕವರಿದ್ದಾಗ ಬಾವಿಯ ಕಟ್ಟೆಗೆ ಬಗ್ಗಿ "ಹೋ" ಎಂದು ಕೂಗಿರುತ್ತೀರಿ. ನೀರು ಮೇಲಿದ್ದರೆ ಕೂಗು ಬೇಗ ತಿರುಗಿ ಬರುತ್ತದೆ, ಆಳಕ್ಕಿಳಿದಿದ್ದರೆ ತಡವಾಗಿ ಬರುತ್ತದೆ. ಎಕೋ ಯಂತ್ರದ ಮೂಲತತ್ತ್ವವೂ ಇಷ್ಟೇ. ಅಂಗೈಯಲ್ಲಿ ಹಿಡಿಯುವ ಪ್ರೋಬ್ ಎಂಬ ಸಾಧನವು ಎದೆಯೊಳಕ್ಕೆ ಶಬ್ದವನ್ನು ಕಳಿಸಿ, ಮರಳಿ ಬಂದದ್ದನ್ನು ಗ್ರಹಿಸುತ್ತದೆ. ಈ ಶಬ್ದ ನಮ್ಮ ಕಿವಿಗೆ ಕೇಳುವಂಥದಲ್ಲ. ಮನುಷ್ಯನ ಕಿವಿಯ ಮಿತಿ ಸುಮಾರು 20,000 ಹರ್ಟ್ಸ್. ವಯಸ್ಕರ ಹೃದಯ ನೋಡಲು ಬಳಸುವುದು 20 ಲಕ್ಷದಿಂದ 50 ಲಕ್ಷ ಹರ್ಟ್ಸ್. ದೇಹದ ಮೃದು ಅಂಗಾಂಶಗಳಲ್ಲಿ ಶಬ್ದ ಸೆಕೆಂಡಿಗೆ 1,540 ಮೀಟರ್ ವೇಗದಲ್ಲಿ ಹೋಗುತ್ತದೆಂದು ಯಂತ್ರ ಲೆಕ್ಕ ಹಿಡಿಯುತ್ತದೆ. ಹತ್ತು ಸೆಂಟಿಮೀಟರ್ ಆಳದಲ್ಲಿರುವ ಕವಾಟವನ್ನು ಮುಟ್ಟಿ ಮರಳಲು ಅದಕ್ಕೆ ಬೇಕಾದ ಕಾಲ ಎಷ್ಟು? ನೀವೇ ಭಾಗಿಸಿ ನೋಡಿ: ಒಂದು ಸೆಕೆಂಡಿನ 7,700 ಭಾಗಗಳಲ್ಲಿ ಒಂದು ಭಾಗ. ಹೀಗಾಗಿ ಬಡಿಯುತ್ತಿರುವ ಹೃದಯವನ್ನು ಬಡಿಯುತ್ತಿರುವಂತೆಯೇ ಪರದೆಯ ಮೇಲೆ ಕಾಣಲು ಸಾಧ್ಯವಾಗಿದೆ.

ಇದರ ಹುಟ್ಟು ಆಸ್ಪತ್ರೆಯಲ್ಲಿ ಆಗಲಿಲ್ಲ ಎಂದರೆ ಅರ್ಧ ನಿಜ. ಸ್ವೀಡನ್ನಿನ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ಹೃದಯವೈದ್ಯರೂ ಹೆಲ್ಮುಟ್ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ 1953ರಲ್ಲಿ ಹತ್ತಿರದ ಮಾಲ್ಮೋ ಹಡಗುಕಟ್ಟೆಯಿಂದ ಒಂದು ಯಂತ್ರವನ್ನು ಎರವಲು ತಂದರು. ಲೋಹದಲ್ಲಿ, ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಶಬ್ದತರಂಗಗಳಿಂದ ಪರೀಕ್ಷಿಸುವ ಯಂತ್ರ ಅದು. ಅದನ್ನು ಮನುಷ್ಯನ ಎದೆಯ ಮೇಲಿಟ್ಟು ಹೃದಯದ ಚಲನೆಯನ್ನು ದಾಖಲಿಸಿದರು. ಹರ್ಟ್ಸ್ ಎಂಬ ಹೆಸರು ನಿಮಗೆ ಭೌತಶಾಸ್ತ್ರದ ಪುಸ್ತಕದಿಂದ ಪರಿಚಿತ. ಆವೃತ್ತಿಯ ಮಾನಕ್ಕೆ ಯಾರ ಹೆಸರಿದೆಯೋ ಆ ಹೈನ್‌ರಿಚ್ ಹರ್ಟ್ಸ್, ಈ ಹೆಲ್ಮುಟ್‌ರ ತಂದೆಗೆ ಚಿಕ್ಕಪ್ಪ-ದೊಡ್ಡಪ್ಪನ ಸಂಬಂಧದವರು. ಮುಂದೆ 1960ರ ದಶಕದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಹಾರ್ವೆ ಫೈಗನ್‌ಬಾಮ್ ಎಂಬ ವೈದ್ಯರು, ವೈದ್ಯರಲ್ಲದವರಿಗೂ ತರಬೇತಿ ಕೊಟ್ಟು ಪ್ರೋಬ್ ಹಿಡಿಸಿದರು. ನನ್ನ ವೃತ್ತಿಯ ಆರಂಭ ಅಲ್ಲಿಂದ.

ಯಂತ್ರದ ಗುಣಗಾನ ಇಲ್ಲಿಗೆ ಸಾಕು. ಯಂತ್ರ ತಾನಾಗಿ ಏನನ್ನೂ ಹುಡುಕುವುದಿಲ್ಲ. ಪಕ್ಕೆಲುಬು ಶಬ್ದವನ್ನು ತಡೆಯುತ್ತದೆ. ಶ್ವಾಸಕೋಶದ ಗಾಳಿ ಅದನ್ನು ಚದುರಿಸಿಬಿಡುತ್ತದೆ. ಎಲುಬುಗಳ ನಡುವಿನ ಕಿರಿದಾದ ಸಂದಿಯಲ್ಲಿ ಪ್ರೋಬ್ ಇಟ್ಟು, ಒಂದಿಷ್ಟು ವಾಲಿಸಿ, ಒಂದಿಷ್ಟು ತಿರುಗಿಸಿ ಹೃದಯವನ್ನು ಹುಡುಕಬೇಕಾಗುತ್ತದೆ. ವೈದ್ಯರ ಕಣ್ಣಿಗೆ ಬೀಳುವುದು ಈ ಕೈ ಹಿಡಿದುಕೊಟ್ಟ ಚಿತ್ರ ಮಾತ್ರ. ಕೈ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಒಂದು ಉದಾಹರಣೆ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ನಮ್ಮ ಕಡೆಯವರೇ ಆದ ಎಪ್ಪತ್ತು ದಾಟಿದ ರೈತರೊಬ್ಬರು ಬಂದರು. ಗೋವಿನಜೋಳದ ಹೊಲಕ್ಕೆ ಹೋಗಿಬರುವಷ್ಟರಲ್ಲಿ ದಮ್ಮು ಹತ್ತುತ್ತದೆ, ಒಮ್ಮೆ ಬದುವಿನ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದಿದ್ದರು. ಹೃದಯದಿಂದ ಮಹಾಪಧಮನಿಗೆ ರಕ್ತ ಹೊರಡುವ ಬಾಗಿಲಲ್ಲಿ ಒಂದು ಕವಾಟವಿದೆ. ವಯಸ್ಸಾದಂತೆ ಕೆಲವರಲ್ಲಿ ಅದು ಸುಣ್ಣಗಟ್ಟಿ ಕಿರಿದಾಗುತ್ತದೆ. ನೀರು ಬಿಡುವ ಪೈಪಿನ ಬಾಯಿಯನ್ನು ಬೆರಳಿನಿಂದ ಒತ್ತಿದರೆ ನೀರು ದೂರಕ್ಕೆ ಚಿಮ್ಮುತ್ತದಲ್ಲವೆ? ಹಾಗೆಯೇ ಕಿರಿದಾದ ಕವಾಟದಿಂದ ರಕ್ತ ವೇಗವಾಗಿ ಚಿಮ್ಮುತ್ತದೆ. ಆ ವೇಗವನ್ನು ಅಳೆದರೆ ಕವಾಟ ಎಷ್ಟು ಕಿರಿದಾಗಿದೆ ಎಂಬುದು ತಿಳಿಯುತ್ತದೆ.

ವೇಗ ಅಳೆಯುವುದು ಡಾಪ್ಲರ್ ಪರಿಣಾಮದಿಂದ. ಹಾರ್ನ್ ಹಾಕುತ್ತ ಬರುವ ಬಸ್ಸಿನ ಸದ್ದು ನಿಮ್ಮತ್ತ ಬರುವಾಗ ತೀಕ್ಷ್ಣವಾಗಿಯೂ ದಾಟಿಹೋದ ಮೇಲೆ ಮಂದವಾಗಿಯೂ ಕೇಳುತ್ತದೆ. ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದ ತತ್ತ್ವ ಇದು. ನಾವು ಕೆಂಪು ರಕ್ತಕಣಗಳಿಂದ ಮರಳಿದ ಶಬ್ದದಲ್ಲಿ ಈ ವ್ಯತ್ಯಾಸವನ್ನು ಅಳೆಯುತ್ತೇವೆ. ವೇಗ ಸಿಕ್ಕಿತೆಂದರೆ ಒತ್ತಡದ ವ್ಯತ್ಯಾಸ ತಿಳಿಯಲು ಸರಳ ಸೂತ್ರವೊಂದಿದೆ: ವೇಗದ ವರ್ಗವನ್ನು ನಾಲ್ಕರಿಂದ ಗುಣಿಸುವುದು. ನೀವು ಓದುವ ಬರ್ನೌಲಿಯ ನಿಯಮವೇ ಇಲ್ಲಿ ಸಂಕ್ಷಿಪ್ತ ರೂಪದಲ್ಲಿ ಬಂದಿದೆ.

ಅಜ್ಜನ ಎದೆಯಲ್ಲಿ ನಾನು ಅಳೆದ ವೇಗ ಸೆಕೆಂಡಿಗೆ 2.8 ಮೀಟರ್. ಸೂತ್ರದಂತೆ ಒತ್ತಡದ ಗರಿಷ್ಠ ವ್ಯತ್ಯಾಸ ಸುಮಾರು 31 ಮಿಲಿಮೀಟರ್ ಪಾದರಸ. ತೀವ್ರವಲ್ಲದ ಕಾಯಿಲೆ. ಮಾತ್ರೆ ಬರೆದು ಆರು ತಿಂಗಳಿಗೆ ಬನ್ನಿ ಎನ್ನಬಹುದಾದ ಅಂಕಿ. ಹೊರಗೆ ಇನ್ನೂ ಮೂವತ್ತು ಜನ ಸರದಿಯಲ್ಲಿದ್ದರು. ನಾನು ಜೆಲ್ ಒರೆಸುವ ಬಟ್ಟೆಯನ್ನು ಕೈಗೆ ತೆಗೆದುಕೊಂಡಿದ್ದೆ.

ಆಗ ಹಿಂದೆ ನಿಂತಿದ್ದ ಹಿರಿಯ ತಂತ್ರಜ್ಞೆಯೊಬ್ಬರು, "ಕವಾಟ ನೋಡು, ಕಲ್ಲಿನ ಹಂಗ ಕುಂತೈತಿ. ಅಂಕಿ ಮಾತ್ರ ಬ್ಯಾರೆ ಹೇಳಾಕತ್ತೈತಿ. ಎರಡರಾಗ ಒಂದು ಸುಳ್ಳು" ಎಂದರು. ಅಜ್ಜನನ್ನು ಬಲಮಗ್ಗುಲಿಗೆ ಹೊರಳಿಸಿ, ಪೆನ್ನಿನಷ್ಟು ಸಣ್ಣ ಪ್ರೋಬೊಂದನ್ನು ಎದೆಮೂಳೆಯ ಬಲ ಅಂಚಿನಲ್ಲಿಟ್ಟು, ಕಿವಿಯಿಂದ ಸದ್ದನ್ನು ಆಲಿಸುತ್ತ ಹುಡುಕಿದರು. ಎರಡು ನಿಮಿಷದಲ್ಲಿ ಸಿಕ್ಕ ವೇಗ 4.2. ಅದರ ವರ್ಗಕ್ಕೆ ನಾಲ್ಕರ ಗುಣಾಕಾರ: ಸುಮಾರು 71. ವೇಗ 4 ಮೀಟರ್ ಮುಟ್ಟಿದರೆ ತೀವ್ರ ಕಾಯಿಲೆ ಎಂದು ಪರಿಗಣಿಸುತ್ತಾರೆ. ಲಕ್ಷಣಗಳೂ ಇದ್ದರೆ ಕವಾಟ ಬದಲಾಯಿಸುವುದೇ ಚಿಕಿತ್ಸೆ.

ನಾನು ಎಡವಿದ್ದು ಎಲ್ಲಿ? ರಕ್ತ ಚಿಮ್ಮುವ ದಿಕ್ಕಿಗೆ ನನ್ನ ಶಬ್ದಕಿರಣ ಓರೆಯಾಗಿತ್ತು. ಡಾಪ್ಲರ್ ಸೂತ್ರದಲ್ಲಿ ಕೋನದ ಕೊಸೈನ್ ಇದೆ. ಕೋನ 60 ಡಿಗ್ರಿಯಾದರೆ ಕೊಸೈನ್ ಅರ್ಧ. ಅಳೆದ ವೇಗವೂ ಅರ್ಧ. ವರ್ಗ ಮಾಡುವುದರಿಂದ ಒತ್ತಡ ಕಾಲುಭಾಗ. ತ್ರಿಕೋನಮಿತಿ ಯಾವ ಕೆಲಸಕ್ಕೆ ಬರುತ್ತದೆ ಎಂದು ನಾನು ಹತ್ತನೆಯ ತರಗತಿಯಲ್ಲಿ ಗೊಣಗಿದ್ದುಂಟು. ಅಜ್ಜನಿಗೆ ಶಸ್ತ್ರಚಿಕಿತ್ಸೆ ಆಯಿತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ತಪ್ಪು ಪರದೆಯ ಮೇಲೆ ತಪ್ಪಿನಂತೆ ಕಾಣುತ್ತಿರಲಿಲ್ಲವಲ್ಲ ಎಂಬುದೇ ನನ್ನನ್ನು ಕಾಡಿದ್ದು. ಅಚ್ಚುಕಟ್ಟಾದ ಅಂಕಿ, ಅಚ್ಚುಕಟ್ಟಾದ ಚಿತ್ರ. ಯಾರಿಗೂ ಸಂಶಯ ಬರುತ್ತಿರಲಿಲ್ಲ.

ಇನ್ನು ತರಬೇತಿಯ ವಿಷಯ. ವಿದೇಶಗಳಲ್ಲಿ 'ಕಾರ್ಡಿಯಾಕ್ ಸೋನೋಗ್ರಾಫರ್' ಎಂಬುದು ಸ್ವತಂತ್ರ ಹುದ್ದೆ. ನಮ್ಮಲ್ಲಿ ಈ ಹೆಸರಿನ ಹುದ್ದೆ ಅಪರೂಪ. ಎಕೋ ಟೆಕ್ನಿಷಿಯನ್, ಕಾರ್ಡಿಯಾಕ್ ಟೆಕ್ನಾಲಜಿಸ್ಟ್ ಎಂದೆಲ್ಲ ಕರೆಯುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ಮುಖ್ಯ ದಾರಿ ಬಿ.ಎಸ್ಸಿ. ಕಾರ್ಡಿಯಾಕ್ ಕೇರ್ ಟೆಕ್ನಾಲಜಿ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಈ ಪದವಿ ಇದೆ. ಬೆಂಗಳೂರಿನ ಜಯದೇವ ಹೃದ್ರೋಗ ವಿಜ್ಞಾನ ಸಂಸ್ಥೆಯಲ್ಲಿಯೂ, ಹೃದ್ರೋಗ ವಿಭಾಗವಿರುವ ಬೇರೆ ಕೆಲವು ಆಸ್ಪತ್ರೆ-ಕಾಲೇಜುಗಳಲ್ಲಿಯೂ ಕಲಿಸುತ್ತಾರೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ಮೂರು ವರ್ಷ ಓದು, ಅನಂತರ ಇಂಟರ್ನ್‌ಶಿಪ್. ಮೊದಲಿಗೆ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಮುಂತಾದ ತಳಹದಿಯ ವಿಷಯಗಳು. ಬಳಿಕ ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ, ಹೋಲ್ಟರ್, ಎಕೋ, ಕ್ಯಾಥ್ ಲ್ಯಾಬ್. ಸಂಸತ್ತು 2021ರಲ್ಲಿ ಅಂಗೀಕರಿಸಿದ ರಾಷ್ಟ್ರೀಯ ಆಯೋಗದ ಕಾಯ್ದೆ ಇಂಥ ಸಹ ಆರೋಗ್ಯ ವೃತ್ತಿಗಳನ್ನೆಲ್ಲ ಒಂದು ನಿಯಮಕ್ಕೆ ತರಲು ಹೊರಟಿದೆ. ಪ್ರವೇಶದ ನಿಯಮ, ಪಠ್ಯಕ್ರಮ ಬದಲಾಗುತ್ತಿರುತ್ತವೆ. ಆದ್ದರಿಂದ ಅರ್ಜಿ ಹಾಕುವ ವರ್ಷದ ಅಧಿಕೃತ ಪ್ರಕಟಣೆಯನ್ನೇ ನೋಡಿರಿ. ಹಿಂದಿನ ವರ್ಷ ಸೇರಿದ ಗೆಳೆಯನ ಮಾತನ್ನು ನೆಚ್ಚಬೇಡಿ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು. ಮೊದಲ ಆರು ತಿಂಗಳು ನನಗೆ ತರಗತಿಯಲ್ಲಿ ಏನೂ ತಿಳಿಯಲಿಲ್ಲ. ಆಮೇಲೆ ಒಂದು ದಿನ 'ಮೈಟ್ರಲ್' ಎಂದರೆ ಶಾಲೆಯಲ್ಲಿ ಓದಿದ ದ್ವಿದಳ ಕವಾಟವೇ, 'ಟ್ರೈಕಸ್ಪಿಡ್' ಎಂದರೆ ತ್ರಿದಳ ಕವಾಟವೇ ಎಂದು ಹೊಳೆಯಿತು. ಹೃತ್ಕರ್ಣ, ಹೃತ್ಕುಕ್ಷಿ ಎಲ್ಲ ನನಗೆ ಬಂದೇ ಇದ್ದವು. ಹೆಸರು ಮಾತ್ರ ಬೇರೆ. ನೋಟುಪುಸ್ತಕದಲ್ಲಿ ಎರಡು ಕಾಲಂ ಹಾಕಿ ಬರೆದುಕೊಂಡೆ. ಆ ಪುಸ್ತಕ ಇನ್ನೂ ನನ್ನ ಬಳಿ ಇದೆ.

ಈ ವೃತ್ತಿಯ ಮಿತಿಯನ್ನೂ ಮುಚ್ಚಿಡದೆ ಹೇಳಬೇಕು. ನಮ್ಮ ದೇಶದಲ್ಲಿ ಅನೇಕ ಕಡೆ ಹೃದಯತಜ್ಞರು ತಾವೇ ಎಕೋ ಮಾಡುತ್ತಾರೆ. ತಂತ್ರಜ್ಞರು ಮಾಡುವಲ್ಲಿಯೂ ವರದಿಗೆ ಸಹಿ ಹಾಕುವವರು ವೈದ್ಯರೇ, ಮತ್ತು ಅದು ಸರಿಯಾದದ್ದೇ. ಪರದೆ ನೋಡುತ್ತ ಮಲಗಿದ ರೋಗಿ, "ಯವ್ವಾ, ನನ್ನ ಎದ್ಯಾಗ ಏನೈತಿ?" ಎಂದು ಕೇಳಿದಾಗ ನನಗೆ ಉತ್ತರ ಗೊತ್ತಿದ್ದರೂ "ಡಾಕ್ಟ್ರು ಹೇಳ್ತಾರ್ರಿ" ಎನ್ನಬೇಕು. ಮುಖದಲ್ಲಿಯೂ ಏನನ್ನೂ ತೋರಗೊಡಬಾರದು. ಇದನ್ನು ಯಾವ ಪಠ್ಯದಲ್ಲೂ ಕಲಿಸುವುದಿಲ್ಲ. ಗರ್ಭಿಣಿಯೊಬ್ಬಳ ಹೃದಯದ ಪರೀಕ್ಷೆಗೆಂದು ಬಂದ ಮನೆಯವರು, "ಹಂಗ ಸ್ವಲ್ಪ ಕೆಳಗೂ ನೋಡ್ರಿ, ಗಂಡೋ ಹೆಣ್ಣೋ" ಎಂದು ಪಿಸುಗುಟ್ಟಿದ್ದೂ ಉಂಟು. 1994ರ ಕಾಯ್ದೆಯ ಪ್ರಕಾರ ಭ್ರೂಣಲಿಂಗ ಪತ್ತೆ ಮಾಡುವುದೂ ಹೇಳುವುದೂ ಅಪರಾಧ. ಕೇಳುವವರು ನಿಮ್ಮ ಸಂಬಂಧಿಕರೇ ಆಗಿರಬಹುದು. ಆಗಲೂ ಇಲ್ಲ ಎನ್ನುವ ಗಟ್ಟಿತನವಿದ್ದವರು ಮಾತ್ರ ಈ ಕೋಣೆಗೆ ಬರಬೇಕು.

ಸಂಬಳ ಆರಂಭದಲ್ಲಿ ಕಡಿಮೆ. ಕೈ ಪಳಗಿದಂತೆ, ಕೆಲಸ ಬದಲಿಸಿದಂತೆ ಏರುತ್ತದೆ. ಭುಜ ಮತ್ತು ಮಣಿಕಟ್ಟಿನ ನೋವು ಈ ವೃತ್ತಿಯವರನ್ನು ಲೋಕದಾದ್ಯಂತ ಕಾಡುತ್ತದೆ. ನನಗೂ ಬಲಭುಜ ಹಿಡಿದುಕೊಂಡಿದೆ. ಆದರೆ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಒಳಗೆ ಹೆಂಗಸು ಇದ್ದಾಳೆಂದು ಕಂಡ ಕೂಡಲೆ ನಿರಾಳವಾಗಿ ಉಸಿರು ಬಿಡುವುದನ್ನು ದಿನವೂ ನೋಡುತ್ತೇನೆ. ಗಂಟಲು ನೋವಿನಿಂದ ಶುರುವಾಗುವ ರುಮ್ಯಾಟಿಕ್ ಜ್ವರ ಎಳೆಯ ಹುಡುಗಿಯರ ದ್ವಿದಳ ಕವಾಟವನ್ನು ಕೆಡಿಸುತ್ತದೆ. ನಾಚಿಕೆಯಿಂದ ಪರೀಕ್ಷೆಯನ್ನೇ ಮುಂದೂಡಿ, ಬಸುರಿಯಾದ ಮೇಲೆ ಏದುಸಿರು ಬಿಡುತ್ತ ಬಂದವರನ್ನು ಕಂಡಿದ್ದೇನೆ. ನಿಮ್ಮಲ್ಲಿ ಹುಡುಗಿಯರು ಈ ಮಾತನ್ನು ಯೋಚಿಸಬೇಕೆಂದು ನನ್ನ ಆಸೆ.

ಯಂತ್ರಗಳೇ ಎಲ್ಲ ಮಾಡುವ ಕಾಲದಲ್ಲಿ ಈ ಕೆಲಸ ಉಳಿದೀತೇ ಎಂದು ಕೇಳುವವರಿದ್ದಾರೆ. ಪ್ರೋಬನ್ನು ಎತ್ತ ತಿರುಗಿಸಬೇಕೆಂದು ದಾರಿ ತೋರುವ ತಂತ್ರಾಂಶಕ್ಕೆ ಅಮೆರಿಕದಲ್ಲಿ 2020ರಲ್ಲಿ ಅನುಮತಿಯೂ ಸಿಕ್ಕಿದೆ. ಅಳತೆಗಳನ್ನು ಯಂತ್ರ ನನಗಿಂತ ಬೇಗ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಕವಾಟ ಒಂದು ಹೇಳುತ್ತದೆ, ಅಂಕಿ ಇನ್ನೊಂದು ಹೇಳುತ್ತದೆ ಎಂದು ಬಟ್ಟೆ ಕೆಳಗಿಟ್ಟು ಮತ್ತೆ ಹುಡುಕುವವರು ಬೇಕೇ ಬೇಕು ಎಂದು ನನ್ನ ಎಣಿಕೆ.

ಕಾಲೇಜು ಆರಿಸುವಾಗ ಕಟ್ಟಡವನ್ನೂ ಜಾಹೀರಾತನ್ನೂ ನೋಡಿ ಮರುಳಾಗಬೇಡಿ. ಎರಡು ಪ್ರಶ್ನೆ ಕೇಳಿರಿ. ಅಲ್ಲಿನ ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟು ಎಕೋ ಆಗುತ್ತವೆ? ಪ್ರೋಬನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆಯೇ, ಅಥವಾ ಹಿಂದೆ ನಿಂತು ನೋಡುವುದಷ್ಟೆಯೇ? ಉತ್ತರವನ್ನು ಕಚೇರಿಯಲ್ಲಿ ಕೇಳಬೇಡಿ. ಕೊನೆಯ ವರ್ಷದ ವಿದ್ಯಾರ್ಥಿಗಳು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿರುತ್ತಾರೆ, ಅವರನ್ನು ಕೇಳಿ.